ಸಿ.ಡಿ. ರೈಟರಿಗೆ ಎಲೆ ಅಡಿಕೆ

ಮನೆಗೆ ದೊಡ್ಡ ಸಾಮಾನು ತರಲು ಹೊರಟ ಗಂಡಸಿಗೆ ಎರಡು ಕಾರಣಗಳಿರುತ್ತವೆ. ಹೆಂಡತಿಗೆ ಹೇಳುವಂಥದು ಒಂದು, ಹೇಳದೆ ಒಳಗೇ ಇಟ್ಟುಕೊಳ್ಳುವಂಥದು ಇನ್ನೊಂದು. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿದ್ದಾಗ ನಾನು ಕಂಪ್ಯೂಟರ್ ತರಲು ಹೊರಟೆನಲ್ಲ, ಆಗ ಗಿರಿಜಾಗೆ ಹೇಳಿದ ಕಾರಣ ಪ್ರಶ್ನೆಪತ್ರಿಕೆ. ಕೊಟ್ಟೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನ್ನ ಕೈಬರಹ ಮಕ್ಕಳಿಗಿರಲಿ, ಮರುದಿನ ನನಗೇ ತಿಳಿಯುವುದಿಲ್ಲ. ಹಾಗಾಗಿ ಆಕೆ ತಕರಾರಿಲ್ಲದೆ ಒಪ್ಪಿಬಿಟ್ಟಳು. ಒಳಗಿಟ್ಟುಕೊಂಡ ಕಾರಣ ಒಂದು ಕ್ಯಾಸೆಟ್.

ಅದು ನಾನು ಹೆಣ್ಣು ನೋಡಲು ಹೋಗುವ ಮುಂಚೆಯೇ ಹರಪನಹಳ್ಳಿಯಿಂದ ಫೋಟೊ ಜೊತೆಗೆ ಬಂದದ್ದು. ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಗಿರಿಜಾ ತನ್ನ ಅಜ್ಜಿಯಿಂದ ಕಲಿತ ಬೀಸುವ ಪದಗಳನ್ನು ಹಾಡಿದ್ದಳು, ಅವಳಣ್ಣ ರೆಕಾರ್ಡ್ ಮಾಡಿಸಿದ್ದ. ಫೋಟೊದಲ್ಲಿ ಹುಡುಗಿ ಕಣ್ಣು ಮುಚ್ಚಿಬಿಟ್ಟಿದ್ದಳು, ಮೂಗು ಯಾವುದು ಸೆರಗು ಯಾವುದು ಎಂದು ತಿಳಿಯುವಂತಿರಲಿಲ್ಲ. ನಾನು ಒಪ್ಪಿದ್ದು ಕ್ಯಾಸೆಟ್ಟನ್ನು. ಆಮೇಲೆ ಫೋಟೊ ವಾಪಸು ಕೊಟ್ಟೆವು, ಕ್ಯಾಸೆಟ್ ಮಾತ್ರ ನನ್ನ ಟ್ರಂಕಿನಲ್ಲಿ ಉಳಿಯಿತು. ಮದುವೆಯಾದ ಹೊಸದರಲ್ಲಿ ಆಕೆ ರೊಟ್ಟಿ ಬಡಿಯುತ್ತಲೋ ಅರಿವೆ ಒಣಹಾಕುತ್ತಲೋ ಗುನುಗುತ್ತಿದ್ದಳು. ಅದು ಯಾವಾಗ ನಿಂತಿತೋ, ನಾನು ಬಹುಶಃ ಪೇಪರ್ ಓದುತ್ತಿದ್ದೆ. ಹೆಂಡತಿ ಅಡುಗೆಮನೆಯಲ್ಲೇ ಇರುವಾಗ ಅವಳ ಹಾಡಿಗೆ ಹಂಬಲಿಸುವುದು ನಾಲ್ಕು ಜನರೆದುರು ಹೇಳಿಕೊಳ್ಳುವ ಸಂಗತಿಯಲ್ಲ. ಆದರೂ ನಾನು ಹಂಬಲಿಸುತ್ತಿದ್ದೆ. ಆಕೆ ತವರಿಗೆ ಹೋದಾಗಲೆಲ್ಲ ಬಾಗಿಲು ಹಾಕಿಕೊಂಡು ಕ್ಯಾಸೆಟ್ ಕೇಳುತ್ತಿದ್ದೆ. ಕೇಳಿ ಕೇಳಿ ಟೇಪು ಸವೆದು, ದನಿ ಎಳೆಯತೊಡಗಿತು. ಎರಡು ಸಲ ಸುರುಳಿ ಹೊರಗೆ ಬಂದು ಪೆನ್ಸಿಲ್ಲಿನಿಂದ ಸುತ್ತಿದೆ. ಮೂರನೆಯ ಸಲ ಹೊರಬಂದು ಹರಿದರೆ ಆ ದನಿ ಈ ಜನ್ಮಕ್ಕೆ ಮುಗಿಯಿತು ಎಂದು ಹೆದರಿಕೆಯಾಯಿತು. ಅಷ್ಟರಲ್ಲಿ ನಮ್ಮ ಗಣಿತದ ಮಾಸ್ತರರು, ಸಿ.ಡಿ. ರೈಟರ್ ಎಂಬುದು ಬಂದಿದೆ, ಕ್ಯಾಸೆಟ್ಟಿನ ಹಾಡನ್ನು ಕಂಪ್ಯೂಟರಿಗೆ ಇಳಿಸಿ ಸಿ.ಡಿ.ಗೆ ಬರೆದಿಟ್ಟರೆ ಸವೆಯುವ ಮಾತೇ ಇಲ್ಲ ಎಂದರು.

ಅಂದಿನಿಂದ ನನಗೆ ಹುಚ್ಚು ಹಿಡಿಯಿತು. ಪ್ರೊಸೆಸರ್, ರ‍್ಯಾಮ್, ಸೌಂಡ್ ಕಾರ್ಡ್ ಎಂದು ಹಳೆಯ ಉತ್ತರಪತ್ರಿಕೆಗಳ ಬೆನ್ನ ಮೇಲೆ ಪಟ್ಟಿ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ರೈಟರ್ ಒಂದನ್ನು ಬಿಟ್ಟು ಉಳಿದೆಲ್ಲ ಪ್ರತಿ ವಾರ ಬದಲಾಗುತ್ತಿತ್ತು. ಆದರೆ ನಮ್ಮ ಬೀಗರ ಕಡೆ ಒಂದು ಪದ್ಧತಿ ಇದೆ. ಎತ್ತಾಗಲಿ, ಹೊಲಿಗೆ ಯಂತ್ರವಾಗಲಿ, ಅಳಿಯನಾಗಲಿ, ಇಟ್ಟಿಗಿ ಮಾವ ಬಂದು ನೋಡದೆ ಯಾವುದನ್ನೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಇವರು ಇಟ್ಟಿಗಿ ಎಂಬ ಊರಿನವರು, ಗಿರಿಜಾಳ ಸೋದರಮಾವ. ಎತ್ತಿನ ಹಲ್ಲು ನೋಡಿ ವಯಸ್ಸು, ಸುಳಿ ನೋಡಿ ಗುಣ ಹೇಳುವುದರಲ್ಲಿ ಸುತ್ತ ಹತ್ತು ಊರಿಗೆ ಹೆಸರಾದವರು. ಅವರನ್ನು ಕರೆದುಕೊಂಡು ದಾವಣಗೆರೆ ಬಸ್ಸು ಹತ್ತಿದೆ.

ಅಂಗಡಿಯವನು ನಾಲ್ಕೈದು ಸಿ.ಡಿ. ಡ್ರೈವುಗಳನ್ನು ಸಾಲಾಗಿ ಇಟ್ಟು, "ಬರೀ ಓದೂದು ಸಾಕೋ, ಬರಿಯೋದೂ ಬೇಕೋ ಸಾರ್?" ಎಂದ.

ನಾನು ಬಾಯಿ ಬಿಡುವ ಮುಂಚೆಯೇ ಮಾವ, "ಮೊದಲು ಬಾಯಿ ತಗಸ್ರಿ, ನೋಡಾಣು" ಎಂದರು.

ಅಂಗಡಿಯವನು ವೈರು ಜೋಡಿಸಿ ಗುಂಡಿ ಒತ್ತಿದ. ಸಿ.ಡಿ. ಇಡುವ ಟ್ರೇ ಹೊರಗೆ ಬಂತು. ಮಾವ ಬಗ್ಗಿ ಒಳಗೆ ಇಣುಕಿದರು, ಬೆರಳಾಡಿಸಿದರು, ಇನ್ನೊಮ್ಮೆ ಮುಚ್ಚಿಸಿ ತೆಗೆಸಿದರು. ಮೂರನ್ನು ಬೇಡವೆಂದು ಸರಿಸಿ ನಾಲ್ಕನೆಯದನ್ನು ಹಿಡಿದು, "ಇದರ ನಾಲಿಗಿ ಚಲೋ ಐತಿ, ನಡುಗಂಗಿಲ್ಲ. ಇದನ್ನ ತಗೋರಿ ಮಾಸ್ತರ್ರ" ಎಂದರು. ಅದೃಷ್ಟಕ್ಕೆ ಅದು ರೈಟರ್ರೇ ಆಗಿತ್ತು. ಹಾರ್ಡ್ ಡಿಸ್ಕಿಗೆ ಬಾಯಿಯೇ ಇಲ್ಲವೆಂದು ತಿಳಿದಾಗ ಮಾತ್ರ ಅವರಿಗೆ ಅದರ ಮೇಲೆ ನಂಬಿಕೆ ಹೋಯಿತು. ಎಲ್ಲವನ್ನೂ ಜೋಡಿಸಿಕೊಂಡು, ಡಬ್ಬವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆವು. ಸೌಂಡ್ ಕಾರ್ಡಿಗೆ ಮಾತು ಬರಿಸುವ ಡ್ರೈವರ್ ಒಂದು ಸಿ.ಡಿ.ಯಲ್ಲಿತ್ತು. "ಮನ್ಯಾಗ ನೀವೇ ಹಾಕ್ಕೊಳ್ರಿ, ಐದು ನಿಮಿಷದ ಕೆಲಸ" ಎಂದು ಅಂಗಡಿಯವನು ಅದನ್ನು ನನ್ನ ಜೇಬಿಗೆ ಹಾಕಿದ್ದ.

ನಾನು ಅಂದೇ ಹಾಕಿಕೊಂಡುಬಿಡಬೇಕಿತ್ತು. ಆದರೆ ಮಾವ, ಸೋಮವಾರ ಪೂಜೆ ಆಗುವ ತನಕ ಯಾರೂ ಮುಟ್ಟಕೂಡದು ಎಂದರು. ಶಿವಭಕ್ತರ ಊರಾದ ಕೊಟ್ಟೂರಿನಲ್ಲಿ ಸೋಮವಾರಕ್ಕೆ ಎದುರಾಡುವವರು ಯಾರು? ಮೂರು ದಿನ ಅದರ ಸುತ್ತ ಸುಮ್ಮನೆ ತಿರುಗಾಡಿದೆ.

ಸೋಮವಾರ ಬೆಳಿಗ್ಗೆ ಮಾವ ಮಡಿಯುಟ್ಟು ಕ್ಯಾಬಿನೆಟ್ಟಿನ ಹಣೆಗೆ ಮೂರೆಳೆ ವಿಭೂತಿ ಬಳಿದರು, ಮಾನಿಟರಿಗೆ ಹಾರ ಹಾಕಿದರು, ಕಾಯಿ ಒಡೆದರು. ಗಿರಿಜಾ ಆರತಿ ಹಿಡಿದು ನಿಂತಳು. ಇನ್ನು ಶುರು ಮಾಡಿ ಎಂದು ಅಪ್ಪಣೆಯಾಯಿತು. ನಾನು ಸ್ವಿಚ್ ಹಾಕಿ, ಟ್ರೇಯ ಗುಂಡಿ ಒತ್ತಿ, ಡ್ರೈವರ್ ಸಿ.ಡಿ.ಗಾಗಿ ಜೇಬು ತಡಕತೊಡಗಿದೆ. ಅಷ್ಟರಲ್ಲಿ ಟ್ರೇ ಮೆಲ್ಲಗೆ ಮಾವನ ಮುಂದೆ ಬಂದು ನಿಂತಿತು.

"ಕೈ ಚಾಚೈತಿ ನೋಡವ್ವ ಗಿರಿಜಾ" ಎಂದರು ಮಾವ, ಭಕ್ತಿಯಿಂದ. "ಬರಿಗೈಲೆ ಕಳಿಸಬಾರದು."

ನಾನು ತಲೆ ಎತ್ತುವುದರೊಳಗೆ ಎಲೆ, ಅಡಿಕೆ, ಒಂದು ನಾಣ್ಯ, ಮೇಲೊಂದು ಚಿಟಿಕೆ ವಿಭೂತಿ ಟ್ರೇಯಲ್ಲಿ ಕುಳಿತಿದ್ದವು. ಮಾವನ ಬೆರಳು ತಾಗಿದ್ದೇ ತಡ, ಅದು ದಕ್ಷಿಣೆ ಸಮೇತ ಒಳಗೆ ಹೋಯಿತು. ಒಳಗಿನಿಂದ ಕಟಕಟ ಸದ್ದು ಬಂತು.

"ಅಡಕಿ ಕಡೀತೈತಿ" ಎಂದು ಮಾವ ಕೈಮುಗಿದರು.

ಆಮೇಲೆ ಪಿನ್ನು ಚುಚ್ಚಿ ಬಾಯಿ ತೆಗೆಸಿದೆ. ಎಲೆ ಬಂತು, ನಾಣ್ಯ ಬಂತು, ಅರ್ಧ ಅಡಿಕೆ ಬಂತು. ಉಳಿದರ್ಧ ಇವತ್ತಿಗೂ ಬಂದಿಲ್ಲ. ಬರೆಯುವುದಿರಲಿ, ಓದುವುದನ್ನೂ ಅದು ಬಿಟ್ಟಿತು. ಸೌಂಡ್ ಕಾರ್ಡಿನ ಮಾತು ಸಿ.ಡಿ.ಯಲ್ಲಿ, ಸಿ.ಡಿ. ಹಾಕುವ ಬಾಯಲ್ಲಿ ಅಡಿಕೆ. ಕಂಪ್ಯೂಟರ್ ಮೂಕವಾಗಿ ಕುಳಿತಿತು. ದಾವಣಗೆರೆಗೆ ಒಯ್ದರೆ ಅಂಗಡಿಯವನು ವಿಭೂತಿಯ ಗುರುತು ನೋಡಿ, "ಗ್ಯಾರಂಟಿ ಕಾರ್ಡಿನಲ್ಲಿ ಅಡಿಕೆದು ಬರೆದಿಲ್ಲ ಸಾರ್" ಎಂದ. ಕೊಟ್ಟೂರಿಗೆ ವಾಪಸು ಬರುವಾಗ ನನಗೆ ನಿಜವಾಗಿಯೂ ಅಳು ಬಂದಿತ್ತು.

ಸಂಜೆ ನಾನು ಊಟ ಬೇಡವೆಂದಾಗ ಗಿರಿಜಾ ಎದುರಿಗೆ ಬಂದು ಕುಳಿತಳು. "ಪ್ರಶ್ನೆಪತ್ರಿಕಿಗೆ ಅದರ ಬಾಯಿ ಯಾಕ ಬೇಕ್ರೀ? ಅಷ್ಟಕ್ಕ ಹಿಂಗ್ಯಾಕ ಮಾರಿ ಸಣ್ಣ ಮಾಡೀರಿ?"

ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಟ್ರಂಕು ತೆಗೆದು ಕ್ಯಾಸೆಟ್ ತಂದು ಅವಳ ಕೈಗಿಟ್ಟು ಎಲ್ಲ ಹೇಳಿದೆ. ಬಾಗಿಲು ಹಾಕಿಕೊಂಡು ಕೇಳುತ್ತಿದ್ದದ್ದನ್ನೂ ಹೇಳಿದೆ. ಆಕೆ ಅದರ ಮೇಲಿದ್ದ ತನ್ನದೇ ಅಕ್ಷರವನ್ನು ಬಹಳ ಹೊತ್ತು ನೋಡಿದಳು. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ.

"ಇದನ್ನ ಉಳಿಸಾಕ ದಾವಣಗೆರಿಗೆ ಹೋಗಿ ಬಂದ್ರಿ" ಎಂದಳು. "ನಾನು ಇಲ್ಲೇ ಅದೀನಲ್ರೀ. ಇಷ್ಟು ವರ್ಷದಾಗ ಒಮ್ಮೆರ ಹಾಡು ಅಂದೀರೇನು?"

ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಆಕೆ ಹೇಳಿದ್ದು ನ್ಯಾಯವಾಗಿತ್ತು. ಪ್ರೊಸೆಸರಿನ ವೇಗ ಕೇಳಿದ್ದೆ, ರ‍್ಯಾಮಿನ ಅಳತೆ ಕೇಳಿದ್ದೆ, ಕಂಡಕಂಡವರನ್ನೆಲ್ಲ ಕೇಳಿದ್ದೆ. ಹತ್ತು ಹೆಜ್ಜೆ ಆಚೆಗಿದ್ದವಳನ್ನು ಕೇಳಿರಲಿಲ್ಲ. ಈಗಲೇ ಕೇಳಿಬಿಡೋಣ ಎಂದು ಧೈರ್ಯ ಮಾಡಿ ಎದ್ದು, ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಆಕೆ ಹಿಟ್ಟು ನಾದುತ್ತಿದ್ದವಳು ತಿರುಗಿ, "ಏನ್ರೀ?" ಎಂದಳು. ಆ ಕಣ್ಣುಗಳಲ್ಲಿ ಏನೋ ಕಾಯುತ್ತಿತ್ತು. ಹಾಡು ಎನ್ನಲು ಬಾಯಿ ತೆರೆದೆ.

"ಒಂದು ಲೋಟ ನೀರು" ಎಂದೆ.