ಕಿರ್ ಎನ್ನುವ ಕುರ್ಚಿ

ಎಲ್ಲ ತೊಂದರೆಗೂ ಮೂಲ ಪರೀಕ್ಷಕರ ಕುರ್ಚಿ. ಕಾಕ್‌ಪಿಟ್ಟಿನ ಪಡಿಯಚ್ಚಿನಂತಿದ್ದ ತರಬೇತಿ ಯಂತ್ರದಲ್ಲಿ ಅವರು ಪೈಲಟ್‌ಗಳ ಬೆನ್ನ ಹಿಂದೆ ಕೂತು, ಗುಂಡಿ ಒತ್ತಿ ಇಂಜಿನ್ ಕೆಡಿಸುತ್ತಿದ್ದರು.

"ಗುಂಡಿ ಒತ್ತೋಕೆ ಮುಂದಕ್ಕೆ ಬಾಗ್ತಾರೆ. ಆಗ ಕುರ್ಚಿ ಕಿರ್ ಅನ್ನತ್ತೆ. ಕಿವಿ ಅಲ್ಲೇ ಇಟ್ಟಿರು ಕಣೋ," ಎಂದು ಸಹಪೈಲಟ್ ಒಬ್ಬನಿಗೆ ಅವನ ಗೆಳೆಯ ಗುಟ್ಟು ಹೇಳಿದ್ದ.

ಒಂದು ಇಂಜಿನ್ ನಿಂತರೆ ವಿಮಾನದ ಮೂತಿ ಆ ಕಡೆಗೆ ತಿರುಗುತ್ತದೆ; ಇನ್ನೊಂದು ಕಡೆಯ ಪೆಡಲ್ ಒತ್ತಿ ನೇರ ಮಾಡಬೇಕು. ಕಿರ್ ಎಂದೊಡನೆ ಇವನ ಕಾಲು ಯಾವುದೋ ಪೆಡಲ್ ಒತ್ತಿರುತ್ತಿತ್ತು. ಇಂಜಿನ್ ಆಮೇಲೆ ಕೆಡುತ್ತಿತ್ತು. ಎರಡು ವರ್ಷ ಮರುಪರೀಕ್ಷೆಯಲ್ಲಿ ಹೇಗೋ ಪಾರಾಗಿ 'ಆತುರಪ್ಪ' ಎನಿಸಿಕೊಂಡ. ಈ ಸಲ ಮೊದಲ ಸಲಕ್ಕೇ ಪಾಸಾಗದಿದ್ದರೆ ಆಕಾಶ ಬಿಟ್ಟು ಆಫೀಸಿಗೆ ಬರಬೇಕೆಂದು ಕಂಪನಿ ಖಡಕ್ಕಾಗಿ ಹೇಳಿತ್ತು.

ಪರೀಕ್ಷೆ ಹತ್ತಿರವಿದ್ದಾಗ, ಒಂದು ಬೆಳಿಗ್ಗೆ, ತುಂಬಿದ ವಿಮಾನವನ್ನು ಅವನು ಇಳಿಸುತ್ತಿದ್ದ. ಪಕ್ಕದಲ್ಲಿ ಕ್ಯಾಪ್ಟನ್ ಮೇಡಂ. ರನ್‌ವೇ ಕಣ್ಣೆದುರಿಗಿತ್ತು. ಬಲಗಡೆ ಧಡ್ ಎಂದಿತು. ವಿಮಾನ ಮೈಕೊಡವಿತು.

ಮೂತಿ ಬಲಕ್ಕೆ ಹೊರಳುವಷ್ಟರಲ್ಲಿ ಅವನ ಎಡಗಾಲು ಅಳತೆ ಹಿಡಿದಂತೆ ಪೆಡಲ್ ಒತ್ತಿತ್ತು. ಕೈ ಎಡ ಇಂಜಿನ್ನಿಗೆ ಬೇಕಾದಷ್ಟೇ ಬಲ ಕೊಟ್ಟಿತ್ತು. ನಿಯಂತ್ರಣ ವಹಿಸಿಕೊಳ್ಳಲು ಚಾಚಿದ ಕೈಯನ್ನು ಕ್ಯಾಪ್ಟನ್ ಹಿಂದಕ್ಕೆ ತೆಗೆದುಕೊಂಡರು. ಅಷ್ಟು ದೊಡ್ಡ ಲೋಹದ ಮೈ ಒಂದೇ ಇಂಜಿನ್ನಿನಲ್ಲಿ, ದಾರ ಕಟ್ಟಿ ಎಳೆದಂತೆ, ಬಿಳಿ ಗೆರೆಯ ನಟ್ಟನಡುವೆ ಇಳಿಯಿತು. ಸದ್ದಿಗೆ ಎಚ್ಚರಗೊಂಡಿದ್ದ ಕೂಸೊಂದು ಚಕ್ರ ನೆಲ ಮುಟ್ಟುವ ಮೊದಲೇ ಮತ್ತೆ ನಿದ್ದೆಹೋಗಿತ್ತು.

ವಿಮಾನ ನಿಂತ ಮೇಲೆ ಕ್ಯಾಪ್ಟನ್ ಕೇಳಿದರು: "ಇಷ್ಟು ಸಮಾಧಾನ ಎಲ್ಲಿಂದ ಬಂತ್ರೀ?"

"ಹಿಂದೆ ಕುರ್ಚಿ ಇರ್ಲಿಲ್ವಲ್ಲ ಮೇಡಂ."

ವಿಮಾನದ ದಾಖಲೆ ನೋಡಿ ಪರೀಕ್ಷಕರು ದಂಗಾದರು. "ನನ್ನ ಸರ್ವಿಸ್‌ನಲ್ಲೇ ಇಂಥಾದ್ದು ಕಂಡಿಲ್ಲ ಕಣಯ್ಯ."

"ಹಾಗಾದ್ರೆ ಪರೀಕ್ಷೆ ಬೇಡ ಅಲ್ವಾ ಸಾರ್?"

"ನಿಯಮ ಬಿಡಬೇಕಲ್ಲ. ಆದ್ರೆ ಇದೇ ಲ್ಯಾಂಡಿಂಗ್ ಕೊಡ್ತೀನಿ. ಅದೇ ರನ್‌ವೇ, ಅದೇ ಬಲ ಇಂಜಿನ್. ನಿದ್ದೇಲೂ ಮಾಡ್ತೀಯ."

ಪರೀಕ್ಷೆಯ ದಿನ ಪರದೆಯ ಮೇಲೆ ಅದೇ ರನ್‌ವೇ ಹತ್ತಿರವಾಯಿತು. ಆತುರಪ್ಪನ ಕೈ ಸ್ಥಿರವಾಗಿತ್ತು, ಉಸಿರು ತಣ್ಣಗಿತ್ತು. ನೆಲ ಇನ್ನೇನು ಸಿಗಬೇಕು, ಹಿಂದಿನಿಂದ ಕಿರ್ ಎಂದಿತು. ಎಡಗಾಲು ಪೆಡಲನ್ನು ತಳಮುಟ್ಟ ತುಳಿಯಿತು.

ವಿಮಾನ ಎಡಕ್ಕೆ ಹಾರಿ ಹುಲ್ಲಿನಲ್ಲಿ ಮೂತಿ ಊರಿತು. ಎರಡೂ ಇಂಜಿನ್‌ಗಳು ಆರೋಗ್ಯವಾಗಿದ್ದವು.

"ನಾನಿನ್ನೂ ಗುಂಡಿ ಮುಟ್ಟಿರ್ಲಿಲ್ಲ ಕಣಯ್ಯ," ಪರೀಕ್ಷಕರ ದನಿ ಅಳುವಂತಿತ್ತು. "ಆ ಕಾಲು ಹೇಗೆ ಕೆಲಸ ಮಾಡತ್ತೆ, ಕಣ್ಣಾರೆ ನೋಡೋಣ ಅಂತ ಬಾಗಿದೆ, ಅಷ್ಟೆ."

ಮರುದಿನ ಆಫೀಸಿನಲ್ಲಿ ಆತುರಪ್ಪನಿಗೊಂದು ಮೇಜು ಕೊಟ್ಟರು. ಮೇಲೆ ಗೋಡೆಗೆ, ಚೌಕಟ್ಟಿನೊಳಗೆ, ಅವನ ಲ್ಯಾಂಡಿಂಗಿಗೆ ಬಂದ ಪ್ರಶಂಸಾಪತ್ರವಿತ್ತು. ಅದನ್ನೊಮ್ಮೆ ನೋಡಿ ಕೂತ. ಕುರ್ಚಿ ಕಿರ್ ಎಂದಿತು.

ಅದೇ ಮೇಜಿಗೆ ಎದುರಾಗಿ ಕೂತಿದ್ದ ಗುಮಾಸ್ತ ಮೊಣಕಾಲು ಹಿಡಿದುಕೊಂಡು ಎದ್ದು ನಿಂತ.