ರೈಲುಹಳಿ, ಸೈಕಲ್ಲು ಮತ್ತು ಹಿಂದೆ ನೋಡುವವನು

ಕಾಲೇಜುಗಳು ವಾದದಲ್ಲಿ ಗೆಲ್ಲುವುದನ್ನು ಕಲಿಸುತ್ತವೆ. ಗೆದ್ದ ಮೇಲೆ ಮನೆಗೆ ಯಾರ ಜೊತೆ ಹೋಗಬೇಕೆಂಬುದನ್ನು ಮಾತ್ರ ಕಲಿಸುವುದಿಲ್ಲ. ಧಾರವಾಡದಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ನಾಲ್ಕು ಢಾಲುಗಳು ಈಗ ಅಣ್ಣಿಗೇರಿಯ ನನ್ನ ಬಾಡಿಗೆ ಕೋಣೆಯಲ್ಲಿವೆ. ಮೂರು ಗೋಡೆಯ ಮೇಲಿವೆ. ನಾಲ್ಕನೆಯದು ನೀರಿನ ಕೊಡದ ಮುಚ್ಚಳವಾಗಿದೆ. ಪರ ಅಥವಾ ವಿರೋಧ, ಯಾವ ಪಕ್ಷ ಕೊಟ್ಟರೂ ಎದುರಾಳಿ ಬಾಯಿ ಮುಚ್ಚುವಂತೆ ಮಾತನಾಡುವ ಶಕ್ತಿ ನನಗಿತ್ತು. ಅವರು ಮುಚ್ಚಿದ ಬಾಯನ್ನು ನನ್ನೆದುರು ಮತ್ತೆ ತೆರೆಯುವುದೇ ಇಲ್ಲವೆಂಬ ಅಂಶ ನನಗೆ ತಡವಾಗಿ ತಿಳಿಯಿತು.

ನಾನು ಕಲಿಸುವ ಶಾಲೆ ಅಣ್ಣಿಗೇರಿಗೆ ಮೂರು ಮೈಲಿ ಮೂಡಣದ ಒಂದು ಹಳ್ಳಿಯಲ್ಲಿದೆ. ಬೇಸಿಗೆಯಲ್ಲಿ ಅಲ್ಲಿಗೆ ಹೋಗುವ ದಾರಿಯನ್ನು ರಸ್ತೆ ಎನ್ನಬಹುದು. ಮಳೆಗಾಲದಲ್ಲಿ ಅದು ಎರೆಮಣ್ಣಿನ ರಾಡಿ. ಸೈಕಲ್ಲು ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿ ಗಾಲಿ ನಿಂತುಬಿಡುತ್ತದೆ. ಕೋಲಿನಿಂದ ಕೆದರಬೇಕು, ಮತ್ತೆ ಹತ್ತು ಮಾರು ಹೋಗಬೇಕು, ಮತ್ತೆ ಕೆದರಬೇಕು. ಕೊನೆಗೆ ಮನುಷ್ಯ ಸೈಕಲ್ಲಿನ ಮೇಲೆ ಹೋಗುವ ಬದಲು ಸೈಕಲ್ಲು ಮನುಷ್ಯನ ಮೇಲೆ ಹೋಗುತ್ತದೆ. ಆದ್ದರಿಂದ ಮೊದಲ ಮಳೆ ಬಿದ್ದ ಕೂಡಲೇ ನಮ್ಮ ಕಡೆಯ ಸೈಕಲ್ಲುಗಳೆಲ್ಲ ರೈಲುದಿಬ್ಬವನ್ನು ಏರುತ್ತವೆ. ಹಳಿಯ ಪಕ್ಕದಲ್ಲಿ, ಜಲ್ಲಿಯ ಅಂಚಿಗೆ, ಜನ ನಡೆದು ನಡೆದು ಗಟ್ಟಿಯಾದ ಒಂದು ಗೇಣಿನ ಕಾಲುದಾರಿಯಿದೆ.

ಈ ಸವಾರಿಗೂ ಒಂದು ಪದ್ಧತಿ ಇತ್ತು. ಒಬ್ಬನೇ ಯಾರೂ ಹೋಗುವಂತಿರಲಿಲ್ಲ. ಸಂಜೆ ಐದಕ್ಕೆ ಆರೇಳು ಮಂದಿ ಹಳ್ಳಿಯ ರೈಲ್ವೆ ಗೇಟಿನ ಬಳಿ ಕೂಡಿ, ಒಬ್ಬರ ಹಿಂದೆ ಒಬ್ಬರಂತೆ ಅಣ್ಣಿಗೇರಿಗೆ ಹೊರಡುತ್ತಿದ್ದರು. ಮುಂದಿನವನು ಮುಂದೆ ನೋಡಬೇಕು. ಎಲ್ಲರಿಗಿಂತ ಹಿಂದಿನವನು ಆಗಾಗ ಇಳಿದು, ತಿರುಗಿ ನೋಡಿ, ಗಾಡಿ ಇಲ್ಲದಿದ್ದರೆ ಎರಡು ಸಲ ಗಂಟೆ ಬಾರಿಸಬೇಕು. ಆತನಿಗೆ ‘ಹಿಂದ ನೋಡಾಂವ’ ಎಂದೇ ಹೆಸರು. ಸೈಕಲ್ಲಿನ ಮೇಲೆ ಸೀರೆ, ಖಣಗಳ ಗಂಟು ಹೇರಿಕೊಂಡು ಹಳ್ಳಿ ತಿರುಗುವ ಶಿವಪ್ಪ ಕಾಕಾ ಬಹುಕಾಲದಿಂದ ಆ ಸ್ಥಾನದಲ್ಲಿದ್ದರು. ನಮ್ಮ ಶಾಲೆಯ ಚಿತ್ರಕಲೆಯ ಕುಲಕರ್ಣಿ ಮಾಸ್ತರು ಮುಂದೆ. ನಡುವೆ ನಾನು. ಇಡೀ ದಿನದಲ್ಲಿ ಯಾರಾದರೂ ನನ್ನನ್ನು ‘ಊಟ ಆತೇನ್ರಿ’ ಎಂದು ಕೇಳುತ್ತಿದ್ದುದು ಆ ಮೂರು ಮೈಲಿಯಲ್ಲಿ ಮಾತ್ರ. ನನ್ನ ಕೋಣೆಯಲ್ಲಿ ಅದನ್ನು ಕೇಳುವವರು ಯಾರೂ ಇರಲಿಲ್ಲ.

ಇಷ್ಟಕ್ಕೆ ಸುಮ್ಮನಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಹೋದ ಮಳೆಗಾಲದ ಒಂದು ಸಂಜೆ ಗೇಟಿನ ಬಳಿ ಎಲ್ಲರನ್ನೂ ನಿಲ್ಲಿಸಿ, ಈ ಸವಾರಿ ಅಪರಾಧವೂ ಹೌದು, ಅಪಾಯವೂ ಹೌದು ಎಂದು ಮಂಡಿಸಿದೆ.

“ಹಳಿ ಮ್ಯಾಲ ಎಲ್ಲಿ ಹೊಡೀತೀವ್ರಿ? ಬಾಜೂಕ ಹೊಡೀತೀವಿ,” ಎಂದರು ಕುಲಕರ್ಣಿ.

“ರೈಲ್ವೆ ಹದ್ದಿನೊಳಗೆ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ. ಬಾಜೂ ಕೂಡ ಅವರದೇ,” ಎಂದೆ.

“ಕಾಯ್ದೆ ಮಾಡಿದವರು ಎರಿಯಾಗ ಸೈಕಲ್ ಹೊಡದಾರೇನ್ರಿ ಮಾಸ್ತರ?” ಎಂದರು ಶಿವಪ್ಪ ಕಾಕಾ.

ಕಾಯ್ದೆಯ ಯುಕ್ತತೆಗೂ ಕಾಯ್ದೆ ಮಾಡಿದವನ ಅನುಭವಕ್ಕೂ ಸಂಬಂಧವಿಲ್ಲವೆಂದು ನಾನು ಹತ್ತು ನಿಮಿಷ ವಿವರಿಸಿದೆ. ಜಲ್ಲಿಯ ಮೇಲೆ ಗಾಲಿ ಜಾರುವುದನ್ನೂ, ಎದುರುಗಾಳಿಗೆ ಹಿಂದಿನ ಗಾಡಿಯ ಸಪ್ಪಳ ಕೇಳದಿರುವುದನ್ನೂ, ಗಾಡಿ ಬಂದಾಗ ಗಾಬರಿಯಾದವನು ಹಳಿಯ ಕಡೆಗೇ ಬೀಳುವ ಸಂಭವವನ್ನೂ ಕ್ರಮವಾಗಿ ಎತ್ತಿ ತೋರಿಸಿದೆ. ಅದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ, ಇವತ್ತಿಗೂ ಅಲ್ಲ. ಎಲ್ಲರೂ ತಲೆ ತಗ್ಗಿಸಿ ಕೇಳಿದರು.

“ನಿಮ್ಮ ಮಾತು ಅಗದಿ ಖರೇ ಐತ್ರಿ,” ಎಂದರು ಕಾಕಾ.

ಸೋತವರು ಇಷ್ಟು ಸೌಜನ್ಯದಿಂದ ಸೋಲುವುದನ್ನು ನಾನು ಕಾಲೇಜಿನಲ್ಲಿಯೂ ಕಂಡಿರಲಿಲ್ಲ.

ಮರುದಿನ ಐದಕ್ಕೆ ಗೇಟಿನ ಬಳಿ ಯಾರೂ ಇರಲಿಲ್ಲ. ಸುಧಾರಣೆ ಒಂದೇ ದಿನದಲ್ಲಿ ಆಯಿತೆಂದು ಹಿಗ್ಗಿ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ರಾಡಿಗೆ ಇಳಿದೆ. ಸ್ವಲ್ಪ ದೂರ ಹೋಗಿ ತಲೆ ಎತ್ತಿದರೆ, ದೂರದ ದಿಬ್ಬದ ಮೇಲೆ ಆರೂ ಸೈಕಲ್ಲುಗಳು ಸಾಲಾಗಿ ಹೋಗುತ್ತಿದ್ದವು. ಅವರು ಹತ್ತು ನಿಮಿಷ ಮೊದಲೇ ಹೊರಟಿದ್ದರು, ಅಷ್ಟೆ. ಯಾರೋ ಏನೋ ಅಂದರು, ಎಲ್ಲರೂ ನಕ್ಕರು. ನಗೆ ಮಾತ್ರ ಕೆಳಗೆ ತೇಲಿ ಬಂತು, ಮಾತು ಬರಲಿಲ್ಲ. ಎಂಟು ದಿನ ಹೀಗೇ ನಡೆಯಿತು. ನಾನು ಸತ್ಯದ ಜೊತೆಗೆ ಕೆಳಗೆ, ಅವರು ಒಬ್ಬರ ಜೊತೆಗೊಬ್ಬರು ಮೇಲೆ. ಸತ್ಯ ಊಟವಾಯಿತೇ ಎಂದು ಕೇಳುವುದಿಲ್ಲ.

ಒಂಬತ್ತನೆಯ ದಿನ ನಾನು ದಿಬ್ಬ ಹತ್ತಿದೆ. ಅವರನ್ನು ತಡೆದು ಮತ್ತೊಮ್ಮೆ ತಿಳಿಹೇಳುವುದೇ ನನ್ನ ಉದ್ದೇಶವೆಂದು ನನಗೆ ನಾನೇ ಸಮರ್ಥಿಸಿಕೊಂಡೆ. ಪರಪಕ್ಷದಲ್ಲಿ ಮಾತನಾಡಿದ ಅಭ್ಯಾಸವೂ ಇತ್ತಲ್ಲ. ಅವರು ಎರಡು ಫರ್ಲಾಂಗು ಮುಂದಿದ್ದರು. ಪಡುವಣ ಗಾಳಿ ಎದುರಿಗೆ ಬೀಸುತ್ತಿತ್ತು. ತಲೆ ಬಗ್ಗಿಸಿ ತುಳಿಯುತ್ತಿದ್ದಾಗ, ಮುಂದೆ ಹಳಿ ಪರೀಕ್ಷಿಸುತ್ತಿದ್ದ ಗ್ಯಾಂಗ್‌ಮನ್ ಹುಸೇನಸಾಬ ಎರಡೂ ಕೈ ಎತ್ತಿ ಕುಣಿಯುವುದು ಕಾಣಿಸಿತು. ನನ್ನನ್ನು ಸ್ವಾಗತಿಸುತ್ತಿದ್ದಾನೆಂದು ಭಾವಿಸಿ ನಾನೂ ಒಂದು ಕೈ ಎತ್ತಿದೆ. ಜಲ್ಲಿಯ ಮೇಲೆ ಒಂದು ಕೈಯ ಸವಾರಿ ಎಷ್ಟು ಹೊತ್ತು ನಿಂತೀತು? ದೈವವಶಾತ್ ಬಿದ್ದದ್ದು ಹಳಿಯ ಕಡೆಗಲ್ಲ, ಹೊಲದ ಕಡೆಗೆ. ಸೈಕಲ್ಲಿನೊಡನೆ ದಿಬ್ಬದ ಬುಡದ ರಾಡಿಗೆ ಉರುಳಿ ಬಾಯೊಳಗಿನ ಮಣ್ಣು ಉಗುಳುವಷ್ಟರಲ್ಲಿ, ಹಿಂದಿನಿಂದ ಬಂದ ಗೂಡ್ಸ್ ಗಾಡಿ ಕಲ್ಲಿದ್ದಲ ಹೊಗೆ ಬಿಡುತ್ತಾ ನನ್ನ ತಲೆಯ ಮೇಲ್ಗಡೆ ಹಾದು ಹೋಯಿತು. ಅದರ ಡಬ್ಬಿಗಳನ್ನು ಎಣಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಹುಸೇನಸಾಬ ಓಡಿ ಬಂದು ನನ್ನನ್ನು ಎತ್ತಿ ಕೂರಿಸಿದ. ಬೈಯಲಿಲ್ಲ.

“ಮಾಸ್ತರ, ಒಬ್ಬರೇ ಹೊಂಟೀರಲ್ರಿ,” ಎಂದ. “ನಿಮಗ ಹಿಂದ ನೋಡಾಂವ ಯಾರ್ರಿ?”

ನಾನು ರಾಡಿಯಿಂದ ಸೈಕಲ್ಲನ್ನು ಎಳೆದು ಹೆಗಲ ಮೇಲೆ ಹೊತ್ತುಕೊಂಡೆ.

ಸುದ್ದಿ ನನಗಿಂತ ಮೊದಲೇ ಅಣ್ಣಿಗೇರಿ ಸೇರಿತು. ಮರುದಿನ ಐದಕ್ಕೆ ಹೋಗಿ ನೋಡಿದರೆ, ಗೇಟಿನ ಬಳಿ ಆರೂ ಸೈಕಲ್ಲುಗಳಿದ್ದವು. ಎಲ್ಲರ ಕೈಯಲ್ಲೂ ಮಣ್ಣು ಕೆದರುವ ಕೋಲಿತ್ತು.

“ನಾವ್ ಮ್ಯಾಲ ಹೊಂಟ್ರ ನೀವೂ ಮ್ಯಾಲ ಬರ್ತೀರಿ, ಸಾಯ್ತೀರಿ,” ಎಂದರು ಶಿವಪ್ಪ ಕಾಕಾ. “ಆ ಪಾಪ ನಮಗ್ಯಾಕ್ರಿ? ಕೆಳಗ ಹೋಗೂಣು ನಡೀರಿ.”

“ಭಾಷಣಕ್ಕಿಂತ ನೀವು ಬಿದ್ದದ್ದು ಭಾಳ ಕೆಲಸ ಮಾಡ್ಯದ ನೋಡ್ರಿ,” ಎಂದು ಕುಲಕರ್ಣಿಯವರು ಸೇರಿಸಿದರು.

ಅಂದಿನಿಂದ ಮಳೆಗಾಲ ಮುಗಿಯುವವರೆಗೆ ನಾವು ಏಳು ಮಂದಿ ಕಾಯ್ದೆಬದ್ಧವಾಗಿ ರಾಡಿಯಲ್ಲಿ ನಡೆದೆವು. ಹತ್ತು ಮಾರಿಗೊಮ್ಮೆ ನಿಂತು ಒಬ್ಬರ ಗಾಲಿಯನ್ನು ಇನ್ನೊಬ್ಬರು ಕೆದರುತ್ತಾ, ಮೂರು ಮೈಲಿಯುದ್ದಕ್ಕೂ ಅವರು ನನ್ನನ್ನು ಬೈಯುತ್ತಿದ್ದರು. ಅರ್ಧ ತಾಸಿನ ದಾರಿಗೆ ಎರಡು ತಾಸು ಹಿಡಿಯುತ್ತಿತ್ತು. ಊಟವಾಯಿತೇ ಎಂಬ ಪ್ರಶ್ನೆ ದಿನಕ್ಕೆ ಆರು ಸಲ ಬರುತ್ತಿತ್ತು. ಬೈಗುಳದ ನಡುವೆ ಬಂದರೂ ಅದು ಪ್ರಶ್ನೆಯೇ.

ಈಗ ದಾರಿ ಒಣಗಿದೆ. ಒಣಗಿದ ದಾರಿಗೆ ಜೊತೆ ಬೇಕಾಗಿಲ್ಲ. ಅವರವರು ಅವರವರ ಹೊತ್ತಿಗೆ ಭರ್ರನೆ ಹೋಗಿಬಿಡುತ್ತಾರೆ. ಸಂಜೆ ನಾನೊಬ್ಬನೇ, ಯಾವ ಅಡೆತಡೆಯೂ ಇಲ್ಲದೆ, ಬಹಳ ಬೇಗ ಕೋಣೆ ಸೇರುತ್ತೇನೆ. ಈ ದಾರಿಗೆ ಕಲ್ಲುಹಾಸಿ ಪಕ್ಕಾ ರಸ್ತೆ ಮಾಡಬೇಕೆಂದು ಸರಕಾರಕ್ಕೆ ಒಂದು ಅರ್ಜಿ ಬರೆದಿದ್ದೇನೆ. ಜನಹಿತದ ದೃಷ್ಟಿಯಿಂದ ಅದರಷ್ಟು ಬಲವಾದ ವಾದವನ್ನು ನಾನು ಇದುವರೆಗೆ ಬರೆದದ್ದಿಲ್ಲ. ಓದಿದ ಯಾವ ಅಧಿಕಾರಿಯೂ ಒಪ್ಪದೆ ಇರಲಾರ. ಆರು ಮಂದಿಯ ಸಹಿಯೂ ಆಗಿದೆ.

ಅದು ಇನ್ನೂ ನನ್ನ ಟ್ರಂಕಿನಲ್ಲಿಯೇ ಇದೆ. ಟಪಾಲಿಗೆ ಹಾಕಬೇಕು. ಇನ್ನೊಂದು ಮಳೆಗಾಲ ಕಳೆಯಲಿ ಎಂದಿದ್ದೇನೆ.