ಹತ್ತು ನಿಮಿಷದ ಬದನೆಕಾಯಿ ಗೊಜ್ಜು

ಮೊದಲೇ ಸ್ಪಷ್ಟಪಡಿಸುತ್ತೇನೆ: ಆ ಭಾನುವಾರ ಗಣಿಯೂರಾದ ಕೋರಮಂಡಲ್‌ನ ನಮ್ಮ ಮನೆಗೆ ಬೆಂಕಿ ಬಿದ್ದಿರಲಿಲ್ಲ. ಬಿತ್ತೆಂದು ಸುದ್ದಿ ಹಬ್ಬಿಸಿದವರನ್ನು ನಾನು ಇಂದಿಗೂ ಕ್ಷಮಿಸಿಲ್ಲ!

ಆಗ ನಾನು ಬೆಂಗಳೂರಿನ ಪತ್ರಿಕೆಯೊಂದಕ್ಕೆ ಚಿನ್ನದ ಗಣಿಯ ವರದಿಗಾರ. ಕಣ್ಣಾರೆ ಕಾಣದ್ದನ್ನು ಬರೆಯುವವನಲ್ಲ. ಒಂದೇ ಒಂದು ಸಲ, ಮಹಿಳೆಯರ ಪುಟದಲ್ಲಿ ನಾಲ್ಕಂಗುಲ ಜಾಗ ಉಳಿದಿದೆ ಎಂದು ಸಂಪಾದಕರು ಗೋಳಾಡಿದಾಗ, ‘ಹತ್ತು ನಿಮಿಷದಲ್ಲಿ ಸುಟ್ಟ ಬದನೆಕಾಯಿ ಗೊಜ್ಜು’ ಎಂದು ಬರೆದು ಕಳಿಸಿದೆ. ಸುಡಿ, ಸುಲಿಯಿರಿ, ಹಿಸುಕಿ, ಕೆನೆ ಬೆರೆಸಿ. ಹೊಗೆಯ ಘಮ, ಬೆಣ್ಣೆಯಂಥ ನುಣುಪು! ಇದರಲ್ಲಿ ಸುಳ್ಳಾಗುವುದಕ್ಕೆ ಏನಿದೆ?

ಅದು ಅಚ್ಚಾದ ದಿನವೇ ಕ್ಯಾಸಂಬಳ್ಳಿಯಿಂದ ಮಾವನವರು ಊಟಕ್ಕೆ ಬರುವುದಿತ್ತು. ನನ್ನ ಹೆಂಡತಿ ಶಾರದಾ ಪತ್ರಿಕೆಯನ್ನು ಮಡಿಸಿ ನನ್ನ ಮುಂದಿಟ್ಟಳು.

“ಅತ್ತು ನಿಮಿಷ ಅಂತ ಬರ್ದಿದೀರಲ್ಲ, ಯಾವತ್ತಾದ್ರೂ ಒಲೆ ಮುಂದೆ ಕೂತಿದೀರಾ?”

“ಪೇಪರ್‌ನಲ್ಲಿ ಬಂದಿದ್ದು ಸುಳ್ಳಾಗುತ್ತಾ?”

“ಸರಿ. ಮುದ್ದೆ ಮಾಡಿಟ್ಟಿದೀನಿ. ಗೊಜ್ಜು ನೀವೇ ಮಾಡಿ. ನಮ್ಮಪ್ಪನ ಮುಂದೆ ಬರೀ ಮುದ್ದೆ ಇಟ್ಟು ನನ್ ಮರ್ಯಾದೆ ತೆಗೀಬೇಡಿ!”

ಪತ್ರಿಕೆಯ ಮಾನ, ಅಳಿಯನ ಮಾನ ಎರಡೂ ಒಂದು ಬದನೆಕಾಯಿಯ ಮೇಲೆ ನಿಂತವು.

ಹನ್ನೊಂದು ಗಂಟೆಗೆ ಕಾರ್ಯಾರಂಭ. ಗಣಿಯ ದಯೆಯಿಂದ ನಮ್ಮಲ್ಲಿ ಕರೆಂಟಿನ ಒಲೆ. ಕೆಂಪಗೆ ಕಾದ ತಂತಿಯ ಮೇಲೆ ಬದನೆಕಾಯಿ ಇಟ್ಟೆ. ಅದು ಸಿಡಿಯಿತು. ರಸ ತಂತಿಗೆ ಬಿತ್ತು. ಚಟ್! ಫ್ಯೂಸು ಹೋಯಿತು. ನಮ್ಮದಷ್ಟೇ ಅಲ್ಲ, ಸಾಲಿನ ಆರೂ ಮನೆಗಳದ್ದು!

ನಾನು ಎದೆಗುಂದಲಿಲ್ಲ. ಬಚ್ಚಲಲ್ಲಿ ನೀರು ಕಾಯಿಸುವ ಒಲೆಯಿತ್ತು. ಅದಕ್ಕೆಂದು ಬಂಗಾರಪೇಟೆಯಿಂದ ತಂದ ಕಲ್ಲಿದ್ದಲಿತ್ತು, ರೈಲಿನ ಇಂಜಿನ್ನಿಗೆ ಹಾಕುವಂಥದ್ದು. ಬೆಂಕಿ ಯಾವುದಾದರೇನು? ಸೀಮೆಎಣ್ಣೆ ಸುರಿದು ಹಚ್ಚಿದೆ. ಇನ್ನೊಂದು ಬದನೆಕಾಯಿ ಇಟ್ಟೆ. ಕರೀ ಹೊಗೆ ಬಚ್ಚಲು ತುಂಬಿ, ಮಾಡಿನ ತಗಡಿನ ಸಂದುಗಳಿಂದ ಹೊರಗೆ ಹೊರಟಿತು.

ಕೆಮ್ಮುತ್ತಲೇ ಸುಲಿದೆ, ಹಿಸುಕಿದೆ. ಶಾರದಾ ಬೆಣ್ಣೆಗೆಂದು ನಾಲ್ಕು ದಿನದಿಂದ ಕೂಡಿಟ್ಟಿದ್ದ ಕೆನೆಯನ್ನು ಪೂರ್ತಿ ಸುರಿದೆ. (ಈ ಕುರಿತು ಅವಳು ಆಮೇಲೆ ನೀಡಿದ ಹೇಳಿಕೆ ಪ್ರಕಟಣೆಗೆ ಯೋಗ್ಯವಾಗಿಲ್ಲ.) ಗೊಜ್ಜು ನುಣ್ಣಗೆ ಬಂತು! ಬಣ್ಣ ಮಾತ್ರ ಸ್ಲೇಟಿನದು.

ಅಷ್ಟರಲ್ಲಿ ಪಕ್ಕದ ಮನೆಯ ಮುನಿಯಮ್ಮ ಬೀದಿಯಲ್ಲಿ ನಿಂತು ಕೂಗಿದಳು: “ಅಯ್ಯಯ್ಯೋ, ಪೇಪರ್ ಸಾಮಿ ಮನೆ ಅತ್ಕೊಂಬುಡ್ತು! ನೀರ್ ತಕ್ಕೊಂಡ್ ಬನ್ರೋ!”

ತಂದರು. ನಾಲ್ಕು ಕೊಡ, ಎರಡು ಬಕೆಟ್ಟು. ಬೆಂಕಿ ಎಲ್ಲಿದೆ ಎಂದು ಒಬ್ಬರಾದರೂ ವಿಚಾರಿಸಿದರೇ? ಇಲ್ಲ! ಮೊದಲ ಕೊಡ ಒಲೆಗೆ, ಉಳಿದದ್ದೆಲ್ಲ ನನಗೆ. ಗೊಜ್ಜಿನ ಪಾತ್ರೆಯನ್ನು ಎದೆಗವಚಿಕೊಂಡು ಉಳಿಸಿದೆ. ಉಳಿಸಬಾರದಿತ್ತು.

ಒಂದು ಗಂಟೆಗೆ ಮಾವನವರು ಬಂದರು. ತೊಯ್ದು ನಿಂತ ಅಳಿಯನನ್ನು ಒಮ್ಮೆ ನೋಡಿ, ಕೈ ತೊಳೆದು ಊಟಕ್ಕೆ ಕುಳಿತರು. ಮುದ್ದೆ ಮುರಿದು, ಗೊಜ್ಜಿಗೆ ಅದ್ದಿ ನುಂಗಿದರು. ಕಣ್ಣಲ್ಲಿ ನೀರು ಬಂತು.

“ರೈಲ್ ಒಗೆ ಆಗಲ್ಲ ಅಂತ ಬಸ್ಸಲ್ ಬಂದೆ ಕಣಮ್ಮಾ ಶಾರದಾ. ಅಳಿಯಂದ್ರು ತಟ್ಟೆಗೇ ಇಂಜಿನ್ ತಂದು ನಿಲ್ಸವ್ರೆ!”

ಬಾಗಿಲಲ್ಲಿ ನೆರೆದಿದ್ದ ಆರೂ ಮನೆಯವರು ನಕ್ಕರು. ನನಗೆ ರೇಗಿಹೋಯಿತು.

“ಮುನಿಯಮ್ಮಾ, ಕಣ್ಣಲ್ಲಿ ನೋಡದೆ ಬೆಂಕಿ ಅಂತ ಸುದ್ದಿ ಹಬ್ಬಿಸಬಹುದಾ? ಒಂದು ಜವಾಬ್ದಾರಿ ಬೇಡವಾ?”

“ನಾನ್ ಒಗೆನಾದ್ರೂ ನೋಡ್ದೆ ಸಾಮಿ. ಅತ್ತು ನಿಮಿಷ ಅಂತ ನೀವ್ ಬರ್ದಿದ್ನ ಶಾರದಮ್ಮ ಓದಿ ಯೋಳಿದ್ರು. ಅದ್ನ ಬರ್ಯಕ್ಕೆ ನೀವೇನ್ ನೋಡಿದ್ರಿ?”

ಮರುದಿನವೇ ಪತ್ರಿಕೆಗೆ ಬರೆದು ಕಳಿಸಿದೆ: ‘ತಿದ್ದುಪಡಿ. ಹತ್ತು ನಿಮಿಷ ಎಂದಿರುವುದನ್ನು ಎರಡು ಗಂಟೆ, ನಾಲ್ಕು ಕೊಡ, ಎರಡು ಬಕೆಟ್ಟು ಎಂದು ಓದಿಕೊಳ್ಳಬೇಕು. ವರದಿಗಾರರು ಸ್ಥಳದಲ್ಲಿ ಖುದ್ದು ಹಾಜರಿದ್ದರು.’

ನನ್ನ ವೃತ್ತಿಜೀವನದಲ್ಲಿ ಅಷ್ಟು ಖಚಿತವಾದ ಸುದ್ದಿಯನ್ನು ನಾನು ಬರೆದೇ ಇಲ್ಲ. ಸಂಪಾದಕರು ಹಾಕಲಿಲ್ಲ. ನಂಬುವಂತಿಲ್ಲವಂತೆ!